ಕೇಳುಗರ ಬಳಗದ ಟೈಲರ್

ತೊಂಬತ್ತರ ದಶಕದಲ್ಲಿ ಶಿಕಾರಿಪುರದ ನಮ್ಮ ರೇಡಿಯೊ ಕೇಳುಗರ ಬಳಗ ಸೇರುತ್ತಿದ್ದುದು ಒಂದು ಟೈಲರ್ ಅಂಗಡಿಯಲ್ಲಿ. ಭಾನುವಾರ ಮಧ್ಯಾಹ್ನ ಕೋರಿಕೆಯ ಹಾಡುಗಳು ಶುರುವಾದರೆ ಟೈಲರ್ ಹೊಲಿಗೆ ಯಂತ್ರದಿಂದ ಕಾಲು ತೆಗೆಯುತ್ತಿದ್ದರು. ರೇಡಿಯೊದ ಗೊರಗೊರ ಸದ್ದಿನ ನಡುವೆ ನಮ್ಮ ಬಳಗದ ಹೆಸರು ಬಂದ ಕೂಡಲೇ, ಕಿವಿಯ ಸಂದಿನ ಸೀಮೆಸುಣ್ಣ ತೆಗೆದು ನಮ್ಮತ್ತ ಚಾಚಿ, "ಕೇಳ್ತೇನ್ರೀ?" ಅನ್ನುತ್ತಿದ್ದರು. ಒಬ್ಬೊಬ್ಬರಾಗಿ "ಕೇಳ್ತು" ಅನ್ನಬೇಕು. ಎಲ್ಲರದೂ ಮುಗಿಯುವ ತನಕ ಸೀಮೆಸುಣ್ಣ ಕೆಳಗಿಳಿಯುತ್ತಿರಲಿಲ್ಲ.

ಸೊರಬದಿಂದ ಬಸ್ಸಿನಲ್ಲಿ ಬಳಗಕ್ಕೆ ಬರುತ್ತಿದ್ದ ಮೇಷ್ಟ್ರು ತೀರಿಕೊಂಡ ಮೇಲೂ ಅವರ ಸ್ಟೂಲ್ ಅಲ್ಲೇ ಇತ್ತು. ನಮ್ಮ ಸರದಿ ಮುಗಿದ ಮೇಲೆ ಸೀಮೆಸುಣ್ಣ ಅದರತ್ತ ತಿರುಗಿ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಆಮೇಲೆ ಟೈಲರ್, "ಸೊರಬದ ಬಸ್ಸು ತಡ ಆಗಿರ್ಬೇಕು ಬಿಡ್ರೀ" ಎಂದು ಹೊಲಿಗೆಗೆ ಕೂರುತ್ತಿದ್ದರು.

ಮನೆಮನೆಗೆ ಟಿವಿ ಬಂದು ಬಳಗ ಕರಗಿತು. ಕೊನೆಯ ಭಾನುವಾರ ಬಂದವರು ನಾವು ಮೂವರೇ. ರೇಡಿಯೊದಲ್ಲಿ ಹೆಸರು ಬಂತು, ಟೈಲರ್ ಕೇಳಿದರು, ಉತ್ತರಗಳೂ ಬಂದವು. ಅವರು ಸ್ಟೂಲಿನತ್ತ ತಿರುಗದೆ ರೇಡಿಯೊ ಆರಿಸಿದರು.

"ಮೇಷ್ಟ್ರ ಕಡೆ ತಿರುಗ್ಲೇ ಇಲ್ವಲ್ರೀ?" ಎಂದೆ.

"ಇವತ್ತು ಬಸ್ಸು ಟೈಮಿಗೆ ಬಂದಿತ್ತಲ್ರೀ. ಎಲ್ಲಾರಿಗಿಂತ ಮೊದ್ಲು ಅವ್ರೇ 'ಕೇಳ್ತು' ಅಂದ್ರು" ಎನ್ನುತ್ತಾ ಅಳತೆ ಟೇಪು ಸುತ್ತತೊಡಗಿದರು.

ಮೊದಲ "ಕೇಳ್ತು" ನನಗೂ ಕೇಳಿಸಿತ್ತು. ಅದು ಬಂದದ್ದು ನನ್ನ ಬಲಗಡೆಯಿಂದ. ಉಳಿದಿಬ್ಬರು ಕೂತಿದ್ದು ಎಡಗಡೆ. ಬಲಗಡೆ ಇದ್ದದ್ದು ಆ ಸ್ಟೂಲ್.