ಪಾಸ್‌ಬುಕ್ ಪ್ರಿಂಟರ್ ಇಲ್ಲದ ಕಚೇರಿ

ಮನೆಯಿಂದ ಹೊರಡುವಾಗ ಬೀಗವನ್ನು ಮೂರು ಸಲ ಜಗ್ಗಿ ನೋಡುವವನು ನಾನು. ಆ ಬೆಳಿಗ್ಗೆ ವಿಜಯವಾಡದಿಂದ ವಿಶಾಖಪಟ್ಟಣದ ರೈಲು ಹತ್ತಿದವನು ಏಲೂರು ಬರುವ ಮೊದಲೇ ಹೆಂಡತಿಗೆ ಫೋನ್ ಮಾಡಿ, ಗ್ಯಾಸ್ ಆಫ್ ಇದೆಯಾ ಎಂದು ಕೇಳಿದೆ. "ಅಡಗಿ ಮಾಡಾಕತ್ತೇನ್ರೀ, ಆಫ್ ಹೆಂಗ ಇರತೈತಿ?" ಎಂದಳು.

ಇಂಥ ನಾನು, ಚಿಂತೆ ಮಾಡಲೇಬೇಕಾಗಿದ್ದ ಒಂದು ಜಾಗದಲ್ಲಿ ಮಾಡಿರಲಿಲ್ಲ.

ಧಾರವಾಡದ ಕಡೆಯಿಂದ ವರ್ಗವಾಗಿ ಬಂದು, ಬ್ಯಾಂಕಿನ ವಿಜಯವಾಡ ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಕಂಪ್ಯೂಟರಿಗೆ ಹೊಸ ಪ್ಯಾಚ್ ಬಂದರೆ, ಅಂದರೆ ತೂತು ಮುಚ್ಚುವ ತೇಪೆ, ಮೊದಲು ನಮ್ಮದೊಂದು ಮಷೀನಿಗೆ ಹಾಕಬೇಕು. ಮೂರು ದಿನ ಎಲ್ಲ ಕೆಲಸ ಮಾಡಿಸಿ, ಪಟ್ಟಿಯಲ್ಲಿ ಟಿಕ್ ಹಾಕಿ, ಸಹಿ ಮಾಡಿದ ಮೇಲೆ ಶಾಖೆಗಳಿಗೆ ಬಿಡಬೇಕು. ಈ ಸಲ ಬಿಟ್ಟ ಮಾರನೆಯ ದಿನವೇ ವಿಶಾಖಪಟ್ಟಣದ ಹತ್ತಿರದ ಭೀಮುನಿಪಟ್ಟಣದ ಶಾಖೆಯ ಕೌಂಟರ್ ಮಷೀನು ನೀಲಿ ಪರದೆ ತೋರಿಸಿ ಸಾಯತೊಡಗಿತು. ಹೆಲ್ಪ್‌ಡೆಸ್ಕಿನವರು ಫೋನಿನಲ್ಲೇ ರೋಗ ಕಂಡುಹಿಡಿದರು: ಪ್ಯಾಚ್ ಕೂರುವಾಗ ಯಾರೋ ನಡುವೆ ಸ್ವಿಚ್ ಆರಿಸಿದ್ದಾರೆ. ಕಂಡವರಿಲ್ಲ, ಕೇಳಿದವರಿಲ್ಲ, ಕೌಂಟರಿನ ಗುಮಾಸ್ತೆಗೆ ಮೆಮೊ ಹೋಯಿತು. ಹೋಗಿ ನೋಡಿ ವರದಿ ಬರೆಯಲು ನನ್ನನ್ನು ಕಳಿಸಿದರು.

ಆಕೆ ಮಂಡ್ಯದವರು, ಗಂಡ ನೌಕಾಪಡೆಯಲ್ಲಿ. ನನ್ನ ತೆಲುಗು ಎರಡು ವಾಕ್ಯ ನಡೆಯುವುದರೊಳಗೆ ಗುರುತು ಹಿಡಿದರು.

"ಸಾರ್, ನಮ್ಮ ಕಡೆಯವ್ರಾ? ಅಬ್ಬಾ, ಸದ್ಯ! ನಾನ್ ಸ್ವಿಚ್ ಮುಟ್ಟಿಲ್ಲ ಸಾರ್. ಇನ್ನೆರಡು ತಿಂಗಳಿಗೆ ಪ್ರಮೋಷನ್ ಇಂಟರ್‌ವ್ಯೂ. ಫೈಲಲ್ಲಿ ಈ ಮೆಮೊ ಕೂತ್ಕೊಂಡ್ರೆ ನನ್ ಕಥೆ ಮುಗೀತು."

ಮೆಮೊ ತೋರಿಸಿದರು. "ಪರೀಕ್ಷೆಯಲ್ಲಿ ಪ್ರತಿಯೊಂದು ಕೆಲಸವೂ ಸರಿಯಾಗಿದ್ದುದರಿಂದ, ತಮ್ಮ ನಿರ್ಲಕ್ಷ್ಯವೇ ಕಾರಣ" ಎಂದಿತ್ತು. ಆ ಪರೀಕ್ಷೆ ನನ್ನದು.

ಮಷೀನು ಮುಕ್ಕಾಲು ಗಂಟೆ ಸುಮ್ಮನೆ ನಡೆಯಿತು. ಏನು ತೆರೆದರೂ ತೆರೆಯಿತು. ಈಕೆಯೇ ಸ್ವಿಚ್ ಆರಿಸಿರಲಿ ದೇವರೇ ಎಂದು ಒಳಗೊಳಗೆ ಬೇಡಿಕೊಂಡೆ. ಅಷ್ಟರಲ್ಲಿ ಮೀನು ಮಾರುವ ಅಜ್ಜಿಯೊಬ್ಬಳು ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು ಚಾಚಿದಳು. ಅದು ಪ್ರಿಂಟರಿನ ಬಾಯಿಗೆ ಹೋಯಿತು, ಅರ್ಧ ಸಾಲು ಅಚ್ಚಾಯಿತು, ಪರದೆ ನೀಲಿಯಾಯಿತು. ಮತ್ತೆ ಹಾಕಿದರೂ ಅದೇ. ತೇಪೆ ಕಿತ್ತು ನೋಡಿದೆ, ಪುಟ ತುಂಬ ಅಚ್ಚಾಯಿತು. ತೇಪೆ ಹಾಕಿದೆ, ಮತ್ತೆ ನೀಲಿ. ಬೇರೆ ಶಾಖೆಗಳಿಗೆಲ್ಲ ಹೊಸ ಪ್ರಿಂಟರ್ ಬಂದಿದೆ, ಇಲ್ಲಿನದು ಮಾತ್ರ ಹಳೆಯದು. ತೇಪೆಗೂ ಅದಕ್ಕೂ ಆಗದು.

ನಮ್ಮ ಪಟ್ಟಿಯ ಆರನೆಯ ಸಾಲು ಪಾಸ್‌ಬುಕ್ ಮುದ್ರಣ. ನಮ್ಮ ಕಚೇರಿಯಲ್ಲಿ ಹಳೆಯದಿರಲಿ, ಹೊಸ ಪಾಸ್‌ಬುಕ್ ಪ್ರಿಂಟರೂ ಇಲ್ಲ. ಗ್ರಾಹಕರೇ ಬಾರದ ಕಚೇರಿಗೆ ಅದೇಕೆ? ಮೊದಲ ಸಲ ಆ ಸಾಲಿಗೆ ಬಂದಾಗ ನನಗೂ ಅಳುಕಾಗಿ, ನನಗಿಂತ ಹಿಂದೆ ಆ ಕುರ್ಚಿಯಲ್ಲಿದ್ದವರನ್ನು ಕೇಳಿದ್ದೆ. "ಅಂತಾ ಓಕೇ ಅಂಡಿ", ಎಲ್ಲ ಸರಿಯಿದೆ ಬಿಡ್ರೀ, ಎಂದು ತೆಲುಗಿನಲ್ಲಿ ನಕ್ಕಿದ್ದರು. ಅಂದಿನಿಂದ ಮೇಲಿಂದ ಕೆಳಗೆ ಟಿಕ್, ಟಿಕ್, ಟಿಕ್. ಬೀಗ ಜಗ್ಗುವ ಇದೇ ಕೈಯಿಂದ. ಥೂ!

"ಇದನ್ನ ಟೆಸ್ಟ್ ಮಾಡಿದ ಪುಣ್ಯಾತ್ಮ ಯಾರು ಸಾರ್?"

"ಯಾರೋ, ಆಫೀಸಿನವ್ರು."

"ಅವ್ನ ಕೈಗೆ ಕಜ್ಜಿ ಹತ್ತ!"

"ಹೌದು" ಎಂದೆ. ಎಂದೆ, ನೋಡಿ!

ನಮ್ಮ ಕಡೆಯವರೆಂದು ಆಕೆ ಫ್ಲಾಸ್ಕಿನಲ್ಲಿದ್ದ ತಮ್ಮ ಮನೆಯ ಕಾಫಿಯನ್ನು ಲೋಟಕ್ಕೆ ಬಗ್ಗಿಸಿಕೊಟ್ಟರು. ಅರ್ಧ ಕುಡಿದು ಪಕ್ಕಕ್ಕಿಟ್ಟೆ. ವರದಿಯಲ್ಲಿ ಮೊದಲು "ಪ್ರಿಂಟರ್ ಹಳೆಯದು" ಎಂದಷ್ಟೇ ಬರೆದೆ. ಅದು ಸುಳ್ಳೇನಲ್ಲ, ಆದರೆ ನನ್ನ ಟಿಕ್ ನಿಂತಿರುವವರೆಗೆ ಆಕೆಯ ಮೆಮೊ ರದ್ದಾಗುವುದಿಲ್ಲ. ಓದಿಕೊಂಡರೆ ಹೇಸಿಗೆಯಾಯಿತು. ಅಳಿಸಿ ಬರೆದೆ: "ಪಾಸ್‌ಬುಕ್ ಮುದ್ರಣವನ್ನು ನಾನು ಪರೀಕ್ಷಿಸಿರಲಿಲ್ಲ. ನಮ್ಮಲ್ಲಿ ಆ ಪ್ರಿಂಟರೇ ಇಲ್ಲ. ಆದರೂ ಟಿಕ್ ಹಾಕಿದ್ದೇನೆ. ಗುಮಾಸ್ತೆಯ ತಪ್ಪಿಲ್ಲ."

ಮೇಲಿನವರಿಗೆ ಕಳಿಸಿ, ಮೆಮೊದ ಉತ್ತರಕ್ಕೆ ಲಗತ್ತಿಸಲು ಒಂದು ಪ್ರತಿಯನ್ನು ಆಕೆಗೆ ಕೊಟ್ಟೆ. ನಿಂತೇ ಓದಿದರು. ಎರಡನೆಯ ಸಲವೂ ಓದಿದರು. ಅಲ್ಲಿಯವರೆಗೆ ನನ್ನೊಡನೆ ಕನ್ನಡ ಬಿಟ್ಟು ಬೇರೆ ಆಡದವರು, "ಸರೇನಂಡಿ, ಥ್ಯಾಂಕ್ಸಂಡಿ" ಎಂದು ತೆಲುಗಿನಲ್ಲಿ ಅಂದರು, ಕೌಂಟರಿಗೆ ಬಂದವರಿಗೆ ಹೇಳುವ ಹಾಗೆಯೇ. ಆಮೇಲೆ ಅರ್ಧ ಉಳಿದಿದ್ದ ಕಾಫಿ ಲೋಟವನ್ನು ನನ್ನ ಮುಂದಿನಿಂದ ಎತ್ತಿಕೊಂಡು ಒಳಗೆ ಹೋದರು.