ನೂರು ತೋರಿಸುವ ಬ್ರೇಕು

ಭಯ ನನಗೆ ಮೊದಲು ಬರುವುದು ಪಾದಕ್ಕೆ. ಎದೆ ಬಡಿದುಕೊಳ್ಳುವುದು ಆಮೇಲೆ. ಯಾರದೋ ಕಾರಿನಲ್ಲಿ ಪಕ್ಕಕ್ಕೆ ಕೂತು ಎದುರಿಗೆ ಲಾರಿ ಕಂಡರೆ ಸಾಕು, ಇಲ್ಲದ ಬ್ರೇಕನ್ನು ಹುಡುಕಿಕೊಂಡು ನನ್ನ ಬಲಗಾಲು ಕೆಳಗಿನ ಮ್ಯಾಟನ್ನು ಒತ್ತಿ ಹಿಡಿಯುತ್ತದೆ. ಡ್ರೈವಿಂಗ್ ಸ್ಕೂಲ್ ಮಾಸ್ತರರ ಹೆಂಡತಿಯ ಪಾಡು ಇದು. ಮದುವೆಯಾದ ಹೊಸದರಲ್ಲಿ ಇವರು ನನಗೂ ಕಲಿಸಿದ್ದರು, ಲೈಸೆನ್ಸೂ ಕೈಗೆ ಬಂತು, ಧೈರ್ಯ ಮಾತ್ರ ಬರಲಿಲ್ಲ. ಗಂಡ ಕಲಿಸುವುದು, ಹೆಂಡತಿ ಕಲಿಯುವುದು ಎರಡೂ ಒಂದೇ ಕಾರಿನಲ್ಲಿ ಆಗುವ ಕೆಲಸವಲ್ಲ. ದೀಪದ ಬುಡದಲ್ಲೇ ಕತ್ತಲು ಅಂತ ನೆರೆಯವರು ನಗುತ್ತಿದ್ದರು. ನಾನೂ ಜೊತೆಗೆ ನಗುತ್ತಿದ್ದೆ.

ವಿನೋಬನಗರದ ನಮ್ಮ ಮನೆಯ ಮುಂದಿನ ಕೋಣೆಯೇ ಸ್ಕೂಲಿನ ಆಫೀಸು. ಅರ್ಜಿ ತುಂಬುವುದು, ಫೋಟೋ ಅಂಟಿಸುವುದು, ಎಲ್‌ಎಲ್‌ಆರ್‌ಗೆ ತಾರೀಕು ಹಿಡಿಯುವುದು ನನ್ನ ಪಾಲು. ರಸ್ತೆ ಇವರ ಪಾಲು. ಇರುವುದು ಒಂದೇ ಕಾರು, ಅದೂ ಹಳೆಯದು. ಕಲಿಸುವವರು ಕೂರುವ ಎಡಗಡೆ ಸೀಟಿನ ಮುಂದೆಯೂ ಅದರಲ್ಲಿ ಒಂದು ಕ್ಲಚ್ಚು, ಒಂದು ಬ್ರೇಕು ಇದೆ. ಕಲಿಯುವವರು ಗಾಬರಿಯಾಗಿ ಕೈಕಾಲು ಬಿಟ್ಟಾಗ ಇವರು ಆ ಬ್ರೇಕನ್ನು ಒತ್ತುತ್ತಾರೆ. ಎರಡೂ ಕಡೆಯ ಬ್ರೇಕಿಗೆ ಒಂದೇ ಸರಳು ಜೋಡಿಸಿರುವುದರಿಂದ ಕಲಿಯುವವರ ಕಾಲ ಕೆಳಗಿನ ಪೆಡಲ್ಲೂ ತಾನಾಗಿ ಇಳಿಯುತ್ತದೆ. ಇವರ ಬಲಗಾಲಿನ ಪುಣ್ಯದಿಂದ ಊರಿನ ಎಷ್ಟು ಜನ ಸುರಕ್ಷಿತವಾಗಿ ಮನೆ ಸೇರಿದ್ದಾರೋ ಲೆಕ್ಕವಿಲ್ಲ. ಅವರಿಗೆ ಅದು ತಿಳಿಯುವುದೂ ಇಲ್ಲ. ಕಾರು ನಿಂತದ್ದು ತಮ್ಮಿಂದಲೇ ಅಂದುಕೊಂಡು ಇಳಿದು ಹೋಗುತ್ತಾರೆ.

ಹೋದ ವರ್ಷ ಇವರ ಬೆನ್ನಿನಲ್ಲಿ ನರ ಒತ್ತಿಕೊಂಡು ಆಪರೇಷನ್ ಆಯಿತು. ಬೆನ್ನೇನೋ ನೆಟ್ಟಗಾಯಿತು, ಆದರೆ ಬಲಗಾಲಿನ ಬಲ ಹೋದದ್ದು ಹೋದಂತೆಯೇ ಉಳಿಯಿತು. ನಡೆಯುತ್ತಿದ್ದರು, ಮೆಟ್ಟಿಲನ್ನೂ ಹತ್ತುತ್ತಿದ್ದರು. ತುದಿಗಾಲಿನ ಮೇಲೆ ನಿಲ್ಲಲು ಹೋದರೆ ಮಾತ್ರ ಹಿಮ್ಮಡಿ ನೆಲ ಬಿಡುತ್ತಿರಲಿಲ್ಲ. ದಿನಾ ಪಾದ ಒತ್ತುವ ವ್ಯಾಯಾಮ ಮಾಡಬೇಕು, ಪೂರ್ತಿ ಬಲ ಬರುವವರೆಗೆ ಕಾರು ಮುಟ್ಟಬಾರದು ಎಂದರು ಡಾಕ್ಟರು. ಸ್ಕೂಲಿಗೆ ಬೀಗ ಬಿತ್ತು. ಇವರು ದಿನವಿಡೀ ಗೇಟಿನ ಬಳಿ ಕುರ್ಚಿ ಹಾಕಿಕೊಂಡು, ಟಾರ್ಪಾಲು ಹೊದ್ದು ನಿಂತ ಕಾರನ್ನು ನೋಡುತ್ತಾ ಕೂರುತ್ತಿದ್ದರು. ನಾಲ್ಕು ತಿಂಗಳಲ್ಲಿ ಅವರು ಆಡಿದ ಮಾತನ್ನು ಒಂದು ಅಂಚೆ ಕಾರ್ಡಿನಲ್ಲಿ ಬರೆಯಬಹುದಿತ್ತು. ಆ ಮೌನ ನೋಡಿ ನನಗೆ ನಿಜವಾಗಿ ಹೆದರಿಕೆಯಾಗತೊಡಗಿತು.

ಹರಿಹರದಲ್ಲಿ ನನ್ನ ತಮ್ಮನಿಗೆ ಒಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಮೊದಲೆಲ್ಲ ಕಾರ್ಖಾನೆಗಳಿಗೆ ಬುಷ್, ಪಿನ್ನು ಅಂತ ಬಿಡಿಭಾಗ ಮಾಡಿಕೊಡುತ್ತಿದ್ದವನು ಈಗ ಎರಡು ವರ್ಷದಿಂದ ಕಾರ್ ರೇಸಿನ ಕಂಪ್ಯೂಟರ್ ಆಟಕ್ಕೆ ಬೇಕಾದ ಪೆಡಲ್ ಮಾಡುತ್ತಾನೆ. ಮನೆಯಲ್ಲೇ ಕುರ್ಚಿ ಹಾಕಿಕೊಂಡು, ಮುಂದೆ ಸ್ಟಿಯರಿಂಗ್, ಕೆಳಗೆ ಆಕ್ಸಿಲರೇಟರ್ ಮತ್ತು ಬ್ರೇಕು, ಪರದೆಯ ಮೇಲೆ ರಸ್ತೆ. ತಲೆ ನರೆತ ಮೇಲೂ ಇವನಿಗೇ ಅದರ ಹುಚ್ಚು ಹಿಡಿದಿದೆ. ಒಂದು ದಿನ ಗೀರು ಬಿದ್ದು ಮಾರಲಾಗದ ಒಂದು ಜೋಡಿ ಪೆಡಲ್ ಹೊತ್ತುಕೊಂಡು ನಮ್ಮ ಮನೆಗೆ ಬಂದ.

"ಆಟದ ಸಾಮಾನು ತಂದು ಇವ್ರ ಮುಂದೆ ಇಡ್ತೀಯೇನೋ?" ಅಂತ ರೇಗಿದೆ.

"ಅಕ್ಕಾ, ಒಂದ್ಸಲ ಒತ್ತಿ ನೋಡು, ಆಮೇಲೆ ಬೈ," ಅಂದ.

ಒತ್ತಿದೆ. ಆಕ್ಸಿಲರೇಟರ್ ಮೆತ್ತಗೆ ಇಳಿಯಿತು. ಬ್ರೇಕು ಕಲ್ಲಿನ ಹಾಗಿತ್ತು. ಅಗ್ಗದ ಪೆಡಲ್‌ಗಳು ಕಾಲು ಎಷ್ಟು ದೂರ ಹೋಯಿತು ಅಂತ ನೋಡುತ್ತವಂತೆ; ಇದು ಕಾಲು ಎಷ್ಟು ಬಲವಾಗಿ ಒತ್ತಿತು ಅಂತ ನೋಡುತ್ತದಂತೆ, ನಿಜವಾದ ಕಾರಿನ ಹಾಗೆ. ಒಳಗೆ ಗಟ್ಟಿ ರಬ್ಬರಿನ ಬಿಲ್ಲೆಗಳು, ಅದರ ಹಿಂದೆ ಭಾರ ಅಳೆಯುವ ಒಂದು ಸಣ್ಣ ತುಂಡು. ಒತ್ತುವಾಗ ಕುರ್ಚಿಯೇ ಹಿಂದಕ್ಕೆ ಜಾರುತ್ತದೆ ಅಂತ ಪೆಡಲ್ಲನ್ನೂ ಕುರ್ಚಿಯನ್ನೂ ಒಂದೇ ಹಲಗೆಗೆ ಬೋಲ್ಟ್ ಹಾಕಿ ಬಿಗಿದ. ಅರ್ಜಿ ತುಂಬುವ ನಮ್ಮ ಕಂಪ್ಯೂಟರಿಗೆ ತಂತಿ ಸಿಕ್ಕಿಸಿದ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಬಂತು, ಸೊನ್ನೆಯಿಂದ ನೂರರವರೆಗೆ. ತನ್ನ ಕಾಲಿನಿಂದ ಒತ್ತಿ ನೂರು ಮಾಡಿ ತೋರಿಸಿ, "ಮಾವಾ, ನೀವೂ ಇಲ್ಲಿಗೆ ತಂದ್ರೆ ಗೆದ್ರಿ," ಅಂದ.

ಇವರು ಕೂತರು. ಹಲ್ಲು ಕಚ್ಚಿ ಒತ್ತಿದರು. ಪಟ್ಟಿ ಮೂವತ್ತಕ್ಕೆ ಏರಿ, ನಡುಗಿ, ಕೆಳಗಿಳಿಯಿತು. ಆದರೆ ಮರುದಿನದಿಂದ ಇವರು ಗೇಟಿನ ಕುರ್ಚಿ ಬಿಟ್ಟು ಈ ಕುರ್ಚಿಗೆ ಬಂದರು. ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸು. ಹದಿನೈದು ದಿನ ಮೂವತ್ತು, ಮೂವತ್ತೆರಡರಲ್ಲೇ ಪಟ್ಟಿ ಒದ್ದಾಡಿತು. ಆಮೇಲೆ ಒಂದು ಬೆಳಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಒಳಗಿನಿಂದ ಕೂಗಿದರು: "ಏ, ಬಾರೇ ಇಲ್ಲಿ! ನೂರು!"

ಹಿಟ್ಟಿನ ಕೈಯಲ್ಲೇ ಓಡಿದೆ. ಪಟ್ಟಿ ತುದಿ ಮುಟ್ಟಿ ನಿಂತಿತ್ತು. ನಾನು ಅತ್ತುಬಿಟ್ಟೆ. ಇವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಸಂತೋಷಕ್ಕೆ ಮಾತು ಬರುತ್ತಿಲ್ಲ ಅಂದುಕೊಂಡೆ. ಸಂಜೆ ಮಂಡಕ್ಕಿ ಮಿರ್ಚಿ ಮಾಡಿ ಅಕ್ಕಪಕ್ಕದವರಿಗೂ ಕೊಟ್ಟು, ಸ್ಕೂಲು ಮತ್ತೆ ಶುರು ಅಂತ ಸಾರಿದೆ.

ವಿದ್ಯಾನಗರದ ಕಾಲೇಜೊಂದರ ಲೆಕ್ಚರರ್ ಒಬ್ಬರು ನಾಲ್ಕು ತಿಂಗಳಿಂದ ಫೋನು ಮಾಡುತ್ತಲೇ ಇದ್ದರು. ಬೇರೆ ಸ್ಕೂಲಿಗೆ ಹೋಗುವುದಿಲ್ಲ, ಸರ್ ಹತ್ತಿರವೇ ಕಲಿಯುತ್ತೇನೆ ಅನ್ನುವವರು. ಅವರಿಗೆ ಸೋಮವಾರ ಬೆಳಗ್ಗೆ ಏಳಕ್ಕೆ ಬನ್ನಿ ಅಂದೆ. "ಮನೆಯಾಗೆ ಯಾರೂ ಇರಲ್ಲ ಮೇಡಂ, ನನ್ನ ಮಗಳನ್ನ ಹಿಂದಿನ ಸೀಟಿನಾಗೆ ಕೂರಿಸ್ಕೋಬಹುದಾ? ನಾಲ್ಕು ವರ್ಷ ಅಷ್ಟೆ," ಅಂತ ಕೇಳಿದರು. ಧಾರಾಳವಾಗಿ ಕೂರಿಸಿಕೊಳ್ಳಿ ಅಂದೆ.

ಶನಿವಾರ ಇವರು ಸ್ನಾನಕ್ಕೆ ಹೋಗಿದ್ದರು, ಕಂಪ್ಯೂಟರ್ ಆನ್ ಆಗಿಯೇ ಇತ್ತು. ನೆಲ ಒರೆಸುತ್ತಾ ಬಂದವಳು ಸುಮ್ಮನೆ ಆ ಕುರ್ಚಿಯಲ್ಲಿ ಕೂತು, ಬ್ರೇಕಿನ ಮೇಲೆ ಕಾಲಿಟ್ಟು ಸ್ವಲ್ಪ ಒತ್ತಿದೆ. ಪಟ್ಟಿ ಸರ್ರನೆ ಏರಿ ನೂರಕ್ಕೆ ನಿಂತಿತು. ತೆಗೆದು ಮತ್ತೆ ಒತ್ತಿದೆ. ಮತ್ತೆ ನೂರು. ನಾನು ಅರ್ಧ ಬಲವನ್ನೂ ಹಾಕಿರಲಿಲ್ಲ. ನನ್ನ ಪಾದ ತಣ್ಣಗಾಯಿತು.

ಹಿತ್ತಲಿಗೆ ಹೋಗಿ ತಮ್ಮನಿಗೆ ಫೋನು ಮಾಡಿದೆ.

"ನಡುವೆ ಕರೆಂಟ್ ಏನಾದ್ರೂ ಹೋಗಿತ್ತಾ?" ಅಂತ ಕೇಳಿದ. ಹೋಗಿತ್ತು, ನೂರು ಬಂದ ದಿನವೇ ಹೋಗಿತ್ತು.

"ನಮ್ಮ ಈ ಮಾಡೆಲ್ಲು ಕರೆಂಟ್ ಹೋದ್ರೆ ಮರ್ತು ಬಿಡ್ತೈತೆ ಅಕ್ಕಾ. ಮತ್ತೆ ಶುರು ಮಾಡಿದಾಗ, ನಿಮ್ಮ ಬಲ ಎಷ್ಟೈತೋ ಅಷ್ಟೂ ಹಾಕಿ ಒತ್ರಿ ಅಂತೈತೆ. ಒತ್ತಿದ್ದನ್ನೇ ನೂರು ಅಂತ ಹಿಡ್ಕಂತೈತೆ. ಆಡೋರಿಗೆ ಅದೇ ಅನುಕೂಲ, ಅವ್ರವ್ರ ಕಾಲಿಗೆ ತಕ್ಕಂಗೆ."

"ಅಂದ್ರೆ ಕೂಸು ಒತ್ತಿದ್ರೂ ನೂರಾ?"

"ಕೂಸು ಒತ್ತಿದ್ರೂ ನೂರು." ಆಮೇಲೆ ಕೇಳಿದ: "ಮಾವ ಕಾರ್ ತೆಗೀತಾರೇನು?"

ಪರದೆಯ ಮೂಲೆಯಲ್ಲಿ ಎಷ್ಟು ಕೆಜಿ ಅಂತ ಬರುತ್ತದೆ, ನೋಡು ಅಂದ. ಫೋನು ಹಿಡಿದೇ ಒಳಗೆ ಹೋಗಿ ನೋಡಿದೆ. ಇವರ ನೂರು ಅಂದರೆ ಹದಿನೆಂಟು ಕೆಜಿ. ನಾನು ಜೋರಾಗಿ ಒತ್ತಿದರೆ ನಲವತ್ತೈದು. ನಿಧಾನಕ್ಕೆ ನಿಲ್ಲಿಸುವುದಕ್ಕೆ ಹದಿನೆಂಟು ಸಾಕಾದೀತು, ನಿಮ್ಮ ಹಳೇ ಗಾಡಿ ಗಕ್ಕನೆ ನಿಲ್ಲಬೇಕಾದರೆ ಸಾಲದು ಅಂದ ತಮ್ಮ. ಅಷ್ಟರಲ್ಲಿ ಬಚ್ಚಲಿನಿಂದ ಇವರು ಹಾಡು ಗುನುಗುವುದು ಕೇಳಿಸಿತು. ನಾಲ್ಕು ತಿಂಗಳ ಮೇಲೆ ಮೊದಲ ಸಲ.

ಹೇಳಬೇಕಿತ್ತು. ಎರಡು ಸಲ ಬಾಯಿ ತೆರೆದೆ. ಮೊದಲ ಸಲ ಇವರು ಅನ್ನ ಇನ್ನೊಂದು ಚೂರು ಹಾಕು ಅಂದರು, ಎರಡನೇ ಸಲ ಕಾರಿನ ಟಾರ್ಪಾಲು ಮಡಚುತ್ತಿದ್ದರು. ಹೇಳಿದರೆ ಮತ್ತೆ ಆ ಗೇಟಿನ ಕುರ್ಚಿ, ಮತ್ತೆ ಆ ಮೌನ. ಹೇಳದಿದ್ದರೆ ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಕೂಸು. ಅತ್ತ ದರಿ, ಇತ್ತ ಪುಲಿ ಅನ್ನುವುದು ಇದಕ್ಕೇ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಮರೆತು ಎರಡೆರಡು ಸಲ ಹಾಕಿದೆ.

ಭಾನುವಾರ ಬೆಳಗ್ಗೆ ಇವರೇ ಮಾತು ತೆಗೆದರು. "ನಾಳೆ ಮೇಡಂ ಬರೋಕಿಂತ ಮುಂಚೆ ಒಂದ್ಸಲ ನೋಡ್ಬೇಕು. ನೀನು ಓಡಿಸು, ನಾನು ಪಕ್ಕಕ್ಕೆ ಕೂಡ್ತೀನಿ. ಹರಿಹರಕ್ಕೆ ಹೋಗಿ ನಿನ್ನ ತಮ್ಮನ್ನ ಮಾತಾಡಿಸ್ಕೊಂಡು ಬರಾಣ."

"ನಾನಾ? ನಾನು ಸ್ಟಿಯರಿಂಗ್ ಮುಟ್ಟಿ ಹದಿನೆಂಟು ವರ್ಷ ಆತು!"

"ಅದಕ್ಕೇ. ಹೊಸಬ್ರಂಗೆ ಓಡಿಸ್ತೀಯ."

ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಎತ್ತಿನ ಗಾಡಿಯ ವೇಗದಲ್ಲಿ ಹೋಗುವುದು, ಖಾಲಿ ರಸ್ತೆ ಸಿಕ್ಕಾಗ ಬ್ರೇಕ್ ಹಾಕಿ ನೋಡ್ರಿ ಅನ್ನುವುದು. ಕಾಲಿನ ಸತ್ಯ ಕಾಲಿಗೇ ತಿಳಿಯಲಿ, ನಾನು ಹೇಳುವ ಪಾಪ ತಪ್ಪಲಿ. ಇದನ್ನು ಜಾಣತನ ಅಂದುಕೊಂಡೆನಲ್ಲ, ಆ ಹೊತ್ತಿನ ನನ್ನ ಬುದ್ಧಿಗೆ ಇವತ್ತಿಗೂ ಬೈದುಕೊಳ್ಳುತ್ತೇನೆ.

ಹಳೇ ರಸ್ತೆ ಹಿಡಿದೆವು. ಇವರು ಮಾಸ್ತರರ ದನಿಯಲ್ಲಿ ಗೇರು ಹಾಕು, ಎಡಕ್ಕೆ ಹಿಡಿ ಅನ್ನುತ್ತಿದ್ದರು. ಖಾಲಿ ರಸ್ತೆ ಅನ್ನುವುದು ಎಲ್ಲಿತ್ತು? ಆಟೋ, ಟ್ರ್ಯಾಕ್ಟರು, ಹಿಂದಿನಿಂದ ಹಾರ್ನು. ಹಿಂದಿನವರ ಕಾಟಕ್ಕೆ ನಾನು ಗೊತ್ತಿಲ್ಲದೆಯೇ ವೇಗ ಹೆಚ್ಚಿಸಿದ್ದೆ. ಹರಿಹರ ಇನ್ನೇನು ಬಂತು ಅನ್ನುವಾಗ ರಸ್ತೆಯ ಎಡಭಾಗದಲ್ಲಿ ಉದ್ದಕ್ಕೂ ಮೆಕ್ಕೆಜೋಳ ಒಣಗಲು ಹರಡಿದ್ದರು, ಅಂಚಿಗೆ ಕಲ್ಲು ಜೋಡಿಸಿದ್ದರು. ಒಬ್ಬ ಮುದುಕಿ ಕಾಳಿನೊಳಗೆ ಪಾದ ಎಳೆಯುತ್ತಾ ಸಾಲು ತಿರುವುತ್ತಿದ್ದಳು. ಎದುರಿನಿಂದ ಬಸ್ಸು ಬಂತು. ಅದೇ ಹೊತ್ತಿಗೆ ಮುದುಕಿ ನಮ್ಮ ಕಡೆ ನೋಡದೆ, ಬೆನ್ನು ಮಾಡಿಕೊಂಡೇ ಕಲ್ಲು ದಾಟಿ ರಸ್ತೆಗೆ ಹಿಂದಡಿ ಇಟ್ಟಳು.

ಹೇಳಲು ನಾಚಿಕೆಯಾಗುತ್ತದೆ. ಎಲ್ಲಾ ತಿಳಿದಿದ್ದ ನಾನು ಆಗ ಬ್ರೇಕ್ ಒತ್ತಲಿಲ್ಲ. ಪಕ್ಕದಲ್ಲಿ ಮಾಸ್ತರು ಕೂತಿದ್ದಾರೆ, ಅವರು ಒತ್ತುತ್ತಾರೆ ಅಂತ ಕಾದೆ. ಇವರ ಹತ್ತಿರ ಕಲಿತ ಪ್ರತಿಯೊಬ್ಬರೂ ಕಾದ ಹಾಗೆ. ಬ್ರೇಕಿನ ಮೇಲೆ ಸುಮ್ಮನೆ ಇಟ್ಟಿದ್ದ ನನ್ನ ಕಾಲಿನ ಕೆಳಗೆ ಪೆಡಲ್ ಒಂಚೂರು ಇಳಿಯಿತು. ಅಷ್ಟೇ. ಅಲ್ಲೇ ನಿಂತು ನಡುಗಿತು. ಮುದುಕಿಯ ಸೀರೆಯ ಹಸಿರು ಗಾಜಿನ ತುಂಬಾ ಆಯಿತು. ಆಗ ನಾನು ಎರಡೂ ಕಾಲನ್ನು ಬ್ರೇಕಿನ ಮೇಲೆ ಹಾಕಿ ಒದ್ದೆ, ಹ್ಯಾಂಡ್‌ಬ್ರೇಕಿಗೆ ಕೈ ಹಾಕಿದೆ. ಅಲ್ಲಿ ಇವರ ಕೈ ಮೊದಲೇ ಇತ್ತು. ಇವರ ಮುಷ್ಟಿಯ ಮೇಲೆ ನನ್ನ ಮುಷ್ಟಿ ಬಿತ್ತು.

ಕಾರು ಜಗ್ಗಿ, ಎಂಜಿನ್ ಆಫ್ ಆಗಿ ನಿಂತಿತು. ಬಸ್ಸು ಪಕ್ಕದಲ್ಲೇ ಹಾದುಹೋಯಿತು. ಮುದುಕಿಗೂ ಬಂಪರಿಗೂ ಒಂದು ಗೇಣು. ಅವಳು ತಿರುಗಿ, "ಏನ್ರವ್ವಾ, ಕಾಳು ತುಳೀತೀರೋ ನನ್ನ ತುಳೀತೀರೋ?" ಅಂತ ಬೈದು, ಚೆಲ್ಲಿದ ಕಾಳನ್ನು ಕಾಲಿನಿಂದಲೇ ಒಳಕ್ಕೆ ಎಳೆದುಕೊಂಡಳು. ಪುಣ್ಯಾತ್ಗಿತ್ತಿಗೆ ನಮಗಿಂತ ಕಾಳಿನ ಚಿಂತೆ.

ನಾನು ಇವರ ಕಾಲನ್ನು ನೋಡಿದೆ. ಅದು ಇನ್ನೂ ಬ್ರೇಕಿನ ಮೇಲೆಯೇ ಇತ್ತು, ಒತ್ತುತ್ತಲೇ ಇತ್ತು, ತೊಡೆಯವರೆಗೂ ನಡುಗುತ್ತಿತ್ತು. ಕೈಯೂ ಹ್ಯಾಂಡ್‌ಬ್ರೇಕ್ ಬಿಟ್ಟಿರಲಿಲ್ಲ. ಕಾಲನ್ನು ನಂಬಿದವರ ಕೈ ಅಲ್ಲಿಗೆ ಮೊದಲೇ ಹೋಗುವುದಿಲ್ಲ.

"ನಿಮಗೆ ಗೊತ್ತಿತ್ತು," ಅಂದೆ.

"ಹ್ಞೂಂ. ನೂರು ಅಂತ ಕೂಗಿದಾಗ ಗೊತ್ತಿರ್ಲಿಲ್ಲ. ನೀನು ಓಡಿ ಬರೋದ್ರಾಗೆ ಗೊತ್ತಾತು. ಕಾಲಿಗೆ ಏನೂ ಬಂದಿಲ್ಲ, ಪಟ್ಟಿಗೆ ಬಂದೈತೆ ಅಂತ. ಆದ್ರೆ ನೀನು ಅಳಾಕೆ ಶುರು ಮಾಡಿದ್ಯಲ್ಲ, ಹೇಳಾಕೆ ಬಾಯಿ ಬರ್ಲಿಲ್ಲ." ನನ್ನ ಕಡೆ ತಿರುಗಿ, "ನಿಂಗೆ ಯಾವಾಗ?" ಅಂತ ಕೇಳಿದರು.

"ನಿನ್ನೆ."

ಇವರು ತಲೆಯಾಡಿಸಿದರು.

"ಮತ್ತೆ ಯಾಕ ನನ್ನ ಕರ್ಕೊಂಡು ಬಂದ್ರಿ?"

"ಕಾರಿನಾಗೆ ಕೂತ್ರೆ ಕಾಲಿಗೆ ಹಳೇದೆಲ್ಲ ನೆನಪಾಗ್ತೈತೇನೋ ಅಂತ ಒಂದು ಆಸೆ. ಬೇರೆಯವ್ರ ಮಗಳನ್ನ ಕೂರಿಸ್ಕೊಂಡು ನೋಡಾಕಾಗ್ತೈತೇನು?"

"ಹಂಗಾದ್ರೆ ನಾನು ಯಾರ ಮಗಳೂ ಅಲ್ಲೇನು?" ಅಂತ ಕಿರುಚಿದೆ. ಮುದುಕಿ ತಿರುಗಿ ನೋಡಿದಳು. ಇವರು ಜೇಬಿನಿಂದ ಫೋನು ತೆಗೆದು ತಾವೇ ಲೆಕ್ಚರರ್‌ಗೆ ಹಚ್ಚಿದರು.

"ಮೇಡಂ, ನಾಳೆ ಬರಬ್ಯಾಡ್ರಿ. ಇಲ್ಲ ಮೇಡಂ, ಮುಂದಿನ ವಾರಾನೂ ಬ್ಯಾಡ. ನನ್ನ ಕಾಲು ಬ್ರೇಕ್ ಹಿಡಿಯಂಗಿಲ್ಲ."

ಅದನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಫೋನು ಒಳಗಿಟ್ಟು, ಎರಡೂ ಕಾಲನ್ನು ಪೆಡಲ್‌ಗಳಿಂದ ತೆಗೆದು ಸೀಟಿನ ಕೆಳಕ್ಕೆ ಮಡಚಿಕೊಂಡರು. ಹಿಂದೆ ಒಂದು ಲಾರಿ ಹಾರ್ನ್ ಹೊಡೆಯುತ್ತಿತ್ತು.

"ಇಲ್ಲಿಂದ ಬ್ರೇಕು ನಿನ್ನದೊಂದೇ," ಅಂದರು. "ಭಯ ಆಗ್ತೈತೇನು?"

"ಆಗ್ತೈತೆ."

"ಆಗ್ಲಿ. ಕ್ಲಚ್ ಒತ್ತು."