ಒಂದು ಮನೆಯ ಬಡ್ಡಿ, ಎರಡು ರಿಟರ್ನ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಪ್ಪಲಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲನ್ನು ಅರ್ಧ ಹತ್ತಿ, ನಿಂತು ಮಂಡಿ ಉಜ್ಜಿಕೊಂಡು, ಇನ್ನರ್ಧ ಹತ್ತಿ ಆಕೆ ಮೇಲಿನ ಕೋಣೆಯ ಬೀಗ ತೆಗೆಯುತ್ತಾರೆ. ಒಳಗೆ ನಿನ್ನೆಯ ಕಾಗದದ ವಾಸನೆ. ಒಂದು ಮೇಜು, ಒಂದು ಕಂಪ್ಯೂಟರ್, ಕೆಮ್ಮಿ ಕೆಮ್ಮಿ ಹಾಳೆ ಉಗುಳುವ ಪ್ರಿಂಟರ್, ಗೋಡೆಯುದ್ದಕ್ಕೂ ಹೊಟ್ಟೆ ಉಬ್ಬಿದ ರಟ್ಟಿನ ಫೈಲುಗಳು. ಫ್ಲಾಸ್ಕಿನಿಂದ ಲೋಟಕ್ಕೆ ಚಹಾ ಬಗ್ಗಿಸುವಷ್ಟರಲ್ಲೇ ಕೆಳಗಿನಿಂದ ಹೆಜ್ಜೆ ಸದ್ದು. ನಿಟ್ಟುಸಿರು ಬಿಟ್ಟು ಲೋಟದ ಮೇಲೊಂದು ತಟ್ಟೆ ಮುಚ್ಚುತ್ತಾರೆ. ಆ ಚಹಾ ಇನ್ನು ಆರಿದ ಹಾಗೆಯೇ.

ಬಂದವನು ಬಸ್ ಡ್ರೈವರ್. ಡ್ಯೂಟಿಗೆ ಹೋಗುವ ಮೊದಲು ತೆರಿಗೆ ರಿಟರ್ನ್ ಮುಗಿಸಿಕೊಂಡು ಹೋಗಬೇಕೆಂಬ ಆತುರ.

"ಈ ಸಲ ನನ್ನ ಹೆಂಡತಿ ಬೇರೆ ರಿಟರ್ನ್ ಹಾಕ್ತಾಳಂತೆ ಅಕ್ಕಾ. ಮನೆ ಸಾಲದ ಬಡ್ಡಿ ಪೂರ್ತಿ ನನ್ನದರಲ್ಲೇ ತೋರಿಸಿಬಿಡಿ."

"ಕಂತು ಯಾರ ಖಾತೆಯಿಂದ ಹೋಗತ್ತೆ?"

"ಇಬ್ಬರದೂ ಸೇರಿದ ಖಾತೆ."

"ಹಾಗಾದ್ರೆ ಅರ್ಧ ನಿನ್ನದು, ಅರ್ಧ ಅವಳದು."

"ಅವಳಿಗೆ ಗೊತ್ತಾಗಬೇಕಲ್ಲ!"

"ಹತ್ತು ಗಂಟೆಗೆ ಅವಳೂ ಇಲ್ಲಿಗೇ ಬರ್ತಾ ಇದಾಳಪ್ಪಾ."

ಡ್ರೈವರ್ ತಲೆ ಕೆರೆದುಕೊಂಡು ನಗುತ್ತಾನೆ. ಆಕೆ ನಗುವುದಿಲ್ಲ. ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದಾರೋ, ಅದರೊಳಗಿನ ತಮಾಷೆ ಯಾವತ್ತೋ ಸವೆದುಹೋಗಿದೆ.

ಈ ಓಣಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು 'ರಿಟರ್ನ್ ಅಕ್ಕ' ಎಂದು. ಹೆಸರಿಟ್ಟವನು ಕೆಳಗಿನ ಚಪ್ಪಲಿ ಅಂಗಡಿಯವನು. ವಯಸ್ಸು ಐವತ್ತು ದಾಟಿದೆ. ತೆರಿಗೆಯ ತಿಂಗಳುಗಳಲ್ಲಿ ದಿನಕ್ಕೆ ಹದಿನೈದು ರಿಟರ್ನ್, ಮಿಕ್ಕ ಕಾಲದಲ್ಲಿ ವಾರಕ್ಕೆ ಎರಡೋ ಮೂರೋ. ಸಂಬಳದ ಒಂದೇ ಕಾಗದ ಇರುವವರೆಲ್ಲ ಈಗ ಮೊಬೈಲಿನಲ್ಲೇ ಕೆಲಸ ಮುಗಿಸಿಕೊಳ್ಳುತ್ತಾರೆ. ಈ ಮೆಟ್ಟಿಲು ಹತ್ತುವವರೆಲ್ಲ ಸಿಕ್ಕು ಹೊತ್ತುಕೊಂಡೇ ಬರುವವರು. ಆ ಸಿಕ್ಕುಗಳಲ್ಲಿ ಹೆಚ್ಚಿನದು ಒಂದೇ ಬಗೆಯದು: ಗಂಡ ಹೆಂಡತಿ ಸೇರಿ ಮಾಡಿದ ಮನೆ ಸಾಲ, ಇಬ್ಬರದೂ ಬೇರೆ ಬೇರೆ ರಿಟರ್ನ್, ಕಟ್ಟಿದ ಬಡ್ಡಿಯನ್ನು ಆದಾಯದಿಂದ ಕಳೆದು ತೆರಿಗೆ ಉಳಿಸುವ ಹಕ್ಕು ಯಾರದು ಎಂಬ ಜಗ್ಗಾಟ.

"ನಿಯಮ ಸುಲಭ," ಎನ್ನುತ್ತಾರೆ ಅಕ್ಕ. "ಇಬ್ಬರ ಖಾತೆಯಿಂದ ಹೋದದ್ದು ಅರ್ಧರ್ಧ. ಒಬ್ಬರ ಸ್ವಂತ ಖಾತೆಯಿಂದ ಹೋದದ್ದು ಅವರದೇ. ಕಷ್ಟ ಇರೋದು ನಿಯಮದಲ್ಲಿ ಅಲ್ಲ. ಮುಖ ನೋಡಿ ಹೇಳಬೇಕಲ್ಲ, ಅದರಲ್ಲಿ."

ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಕಣ್ಣು ಮಂಜಾಗಿ ಅವರು ಮನೆಯಲ್ಲಿ ಕುಳಿತ ಮೇಲೆ, ಓದು ಅರ್ಧಕ್ಕೆ ಬಿಟ್ಟು ಈಕೆ ಒಬ್ಬ ಆಡಿಟರ್ ಕಚೇರಿ ಸೇರಿದರು. ಟಪಾಲು ವಿಂಗಡಿಸುವ ಕೆಲಸ. ಇಪ್ಪತ್ತು ವರ್ಷಕ್ಕೂ ಹೆಚ್ಚು ಅಲ್ಲೇ ಇದ್ದು, ಟಪಾಲಿನಿಂದ ಟೈಪಿಂಗಿಗೆ, ಅಲ್ಲಿಂದ ಲೆಕ್ಕಕ್ಕೆ ಬಂದರು. ಆಡಿಟರ್ ತೀರಿಕೊಂಡು ಕಚೇರಿ ಮುಚ್ಚಿದಾಗ ಪಾಲಿಗೆ ಬಂದದ್ದು ಈ ಮೇಜು. ರಿಟರ್ನ್ ತುಂಬಿಕೊಡಲು ಪರವಾನಗಿ ಬೇಕಿತ್ತು. ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದರು. ಮೂರನೆಯ ಸಲ ಪಾಸಾದ ದಿನ ಮನೆಗೆ ಹೋಗಿ ಊಟವನ್ನೂ ಮಾಡದೆ ಮಲಗಿಬಿಟ್ಟರಂತೆ. "ಖುಷಿಯಾಗಿತ್ತೋ ಏನೋ. ನಿದ್ದೆ ಮಾತ್ರ ಜೋರಾಗಿ ಬಂದಿತ್ತು."

ಪತಿ ಬೇಕರಿಯೊಂದರಲ್ಲಿ ಒಲೆಯ ಮುಂದೆ ನಿಲ್ಲುವವರು. ಅವರದು ರಾತ್ರಿ ಪಾಳಿ. ತೆರಿಗೆಯ ತಿಂಗಳುಗಳಲ್ಲಿ ದಂಪತಿಗಳ ಭೇಟಿ ಬೆಳಗಿನ ಹೊಸ್ತಿಲಲ್ಲಿ ಮಾತ್ರ. ಅವರು ಮೈಯೆಲ್ಲ ಹಿಟ್ಟಾಗಿ ಒಳಗೆ ಬರುತ್ತಾರೆ, ಈಕೆ ಹೊರಗೆ ಹೊರಡುತ್ತಾರೆ. ಇವರಿಗೂ ಎರಡು ಕೋಣೆಯ ಮನೆಯ ಸಾಲ ಇದೆ, ಇವರದೂ ಬೇರೆ ಬೇರೆ ರಿಟರ್ನ್. ಜಗಳವಿಲ್ಲವೇ ಎಂದರೆ, "ಜಗಳ ಆಡೋಕೆ ಇಬ್ಬರೂ ಎಚ್ಚರ ಇರಬೇಕಲ್ಲ" ಎನ್ನುತ್ತಾರೆ.

ಕುತ್ತಿಗೆ ನೋವು, ಕಣ್ಣುರಿ, ಮಂಡಿ. ಇವುಗಳಿಗಿಂತ ಹೆಚ್ಚು ದಣಿಸುವುದು ಜನರ ಮಾತು. ಎರಡು ಗುಂಡಿ ಒತ್ತುವುದಕ್ಕೆ ಇಷ್ಟು ಫೀಸೇ ಎನ್ನುವವರು ಒಂದು ಕಡೆ. ಸಂಸಾರದ ಕಥೆಯನ್ನೆಲ್ಲ ಮೇಜಿನ ಮೇಲೆ ಸುರಿದು, ತಪ್ಪು ಯಾರದು ಹೇಳಿ ಅಕ್ಕಾ ಎಂದು ಕೂರುವವರು ಇನ್ನೊಂದು ಕಡೆ. "ಯಾಕೆ ಬೇರೆ ಆದ್ರಿ ಅಂತ ಕೇಳೋ ಕಾಲಂ ನನ್ನ ಹತ್ತಿರ ಇಲ್ಲ. ನಾನೂ ಕೇಳಲ್ಲ."

ಆದರೂ ಒಂದು ಸಂಸಾರದ ವಿಷಯ ಆಕೆಯನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಗಂಡ ಲಿಫ್ಟ್ ರಿಪೇರಿಯವನು, ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಮದುವೆಯಾದಾಗಿನಿಂದ ಜೋಡಿಯಾಗಿ ಬಂದು ಒಟ್ಟಿಗೇ ರಿಟರ್ನ್ ಹಾಕಿಸುತ್ತಿದ್ದರು. ಕಳೆದ ವರ್ಷ ಒಬ್ಬೊಬ್ಬರಾಗಿ ಬಂದರು. ವರ್ಷದ ನಡುವೆ ಅವನು ಮನೆ ಬಿಟ್ಟಿದ್ದ. ಅಲ್ಲಿಯವರೆಗೆ ಕಂತು ಹೋಗುತ್ತಿದ್ದದ್ದು ಜಂಟಿ ಖಾತೆಯಿಂದ. ಆಮೇಲಿನದನ್ನೆಲ್ಲ ಅವಳೊಬ್ಬಳೇ, ಎರಡೆರಡು ಪಾಳಿ ದುಡಿದು ಕಟ್ಟಿದ್ದಳು. ಆದರೆ ಸಾಲದ ಕಾಗದದಲ್ಲಿ ಮೊದಲ ಹೆಸರು ಅವನದು. ಹಾಗಾಗಿ ಬಡ್ಡಿಯ ವಾರ್ಷಿಕ ಪಟ್ಟಿಯನ್ನು ಬ್ಯಾಂಕು ಕಳಿಸಿದ್ದು ಅವನೊಬ್ಬನ ಹೆಸರಿಗೆ.

"ಪಟ್ಟಿ ನನ್ನ ಹೆಸರಲ್ಲಿದೆ, ಬಡ್ಡಿ ನನ್ನದೇ," ಎಂದು ಅವನು ಪಟ್ಟು ಹಿಡಿದ. ಅಕ್ಕ ಆಗುವುದಿಲ್ಲ ಎಂದರು. ಅವನು ಕಾಗದಗಳನ್ನು ಬಾಚಿಕೊಂಡು ದಡದಡ ಇಳಿದು ಹೋದ. ಬೇರೆ ಯಾರ ಕೈಯಲ್ಲೋ ಪೂರ್ತಿ ಬಡ್ಡಿ ತನ್ನದೆಂದೇ ಬರೆಸಿ ಹಾಕಿದ. ಇತ್ತ ಅಕ್ಕ ಅವಳ ನ್ಯಾಯದ ಪಾಲನ್ನು ಬರೆದು, ಯಾಕೆ ಹೀಗೆಂದು ವಿವರಣೆ ಲಗತ್ತಿಸಿ, ಅವಳ ರಿಟರ್ನ್ ಕಳಿಸಿದರು.

ಬ್ಯಾಂಕಿನ ಪಟ್ಟಿಯಲ್ಲಿ ಅವಳ ಹೆಸರಿಲ್ಲವೆಂದು ತೆರಿಗೆ ಇಲಾಖೆಯ ನೋಟಿಸ್ ಬಂದದ್ದು ಅವಳಿಗೆ. ಅವಳಿಗೆ ವಾಪಸ್ ಬರಬೇಕಿದ್ದ ತೆರಿಗೆ ಹಣವನ್ನೂ ತಡೆಹಿಡಿದರು. ಅದನ್ನೇ ನಂಬಿಕೊಂಡಿದ್ದ ಎರಡು ಕಂತು ಬಾಕಿ ಬಿತ್ತು, ಬ್ಯಾಂಕಿನವರು ಫೋನ್ ಮಾಡತೊಡಗಿದರು. ಅವಳು ಲ್ಯಾಬಿನ ಬಿಳಿ ಕೋಟಿನಲ್ಲೇ ಮೆಟ್ಟಿಲು ಹತ್ತಿ ಬಂದು ನೋಟಿಸನ್ನು ಮೇಜಿನ ಮೇಲೆ ಒಗೆದಳು.

"ಸರಿಯಾಗಿದೆ ಅಂದ್ರಲ್ಲಾ ಅಕ್ಕಾ! ಸುಳ್ಳು ಬರೆದವನು ಆರಾಮಾಗಿದಾನೆ. ನಿಜ ಬರೆದವಳ ಮನೆಗೆ ಬ್ಯಾಂಕಿನವರು ಬರ್ತಾರೆ. ಇದೇನಾ ನಿಮ್ಮ ಲೆಕ್ಕ?"

ಆ ಮಾತು ನಾಟಿತು. ಅಕ್ಕ ಅವಳ ಪಾಸ್‌ಬುಕ್ಕಿನ ಪುಟಗಳನ್ನೆಲ್ಲ ಪ್ರತಿ ತೆಗೆದು ಉತ್ತರ ಬರೆದರು. ಬರೀ ಇಷ್ಟರಿಂದ ವಿಷಯ ಬೇಗ ಬಗೆಹರಿಯುವುದಿಲ್ಲ, ಅವನು ತನ್ನ ರಿಟರ್ನ್ ತಿದ್ದಿದರೆ ಮಾತ್ರ ಎಂದರು.

"ನಾನು ಅವನಿಗೆ ಫೋನ್ ಮಾಡಲ್ಲ."

"ನಾನು ಹೋಗಿ ಹೇಳಲಾ? ನಿನ್ನ ಕಾಗದದ ವಿಷಯ, ನಿನ್ನ ಒಪ್ಪಿಗೆ ಇಲ್ಲದೆ ನಾನು ಬಾಯಿ ಬಿಡೋ ಹಾಗಿಲ್ಲ."

ಅವಳು ಬಿಳಿ ಕೋಟಿನ ಗುಂಡಿ ಹಾಕಿಕೊಂಡಳು. ಆಮೇಲೆ, "ಏನಾದ್ರೂ ಮಾಡ್ಕೊಳ್ಳಿ," ಎಂದು ಎದ್ದುಹೋದಳು.

ಮರುದಿನ ಅಕ್ಕ ಮಧ್ಯಾಹ್ನದ ಊಟ ಬಿಟ್ಟು ಹೊರಟರು. ಅವನು ಕೆಲಸ ಮಾಡುತ್ತಿದ್ದ ಕಟ್ಟಡದಲ್ಲಿ ಅವನೇ ಲಿಫ್ಟ್ ನಿಲ್ಲಿಸಿದ್ದ. ಐದು ಮಹಡಿ. ಪ್ರತಿ ಮಹಡಿಯಲ್ಲೂ ಮೆಟ್ಟಿಲ ಕಂಬಿ ಹಿಡಿದು ನಿಂತು, ತಮಗೇಕೆ ಈ ಇಲ್ಲದ ಉಸಾಬರಿ ಎಂದು ತಮ್ಮನ್ನೇ ಬೈದುಕೊಂಡರಂತೆ. ಮೇಲೆ ಯಂತ್ರದ ಕೋಣೆಯಲ್ಲಿ ಅವನು ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಕೂತಿದ್ದ. ಇವರನ್ನು ಕಂಡು ಗಾಬರಿಯಾಗಿ ಎದ್ದ.

"ಕೂತ್ಕೊಳ್ಳಿ ಅಕ್ಕಾ, ನೀರು ಕುಡೀರಿ. ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ."

"ಬರ್ತಿರಲಿಲ್ಲ ನೀನು."

ಅಕ್ಕ ಉಸಿರು ಸುಧಾರಿಸಿಕೊಂಡು ನೋಟಿಸಿನ ಸಂಗತಿ ಹೇಳಿದರು. ಬಾಕಿ ಬಿದ್ದ ಕಂತಿನ ಸಂಗತಿ ಹೇಳಿದರು. ಅವನು ಚಿಂದಿ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಕೇಳಿದ.

"ನನಗೆ ದುಡ್ಡಿನ ಆಸೆ ಇರಲಿಲ್ಲ ಅಕ್ಕಾ. ಆ ಮನೆ ಬಚ್ಚಲಿಗೆ ಟೈಲ್ಸ್ ಹಾಕಿದ್ದು ನಾನು. ಈಗ ಕಾಲಿಂಗ್ ಬೆಲ್ ಹತ್ತಿರ ನನ್ನ ಹೆಸರು ಕಿತ್ತುಹಾಕಿದಾಳೆ. ವರ್ಷಕ್ಕೊಂದು ಸಲ ಬ್ಯಾಂಕಿಂದ ಬರೋ ಆ ಕಾಗದದಲ್ಲಾದ್ರೂ ನನ್ನ ಹೆಸರಿದೆಯಲ್ಲ ಅಂತ..."

"ಬ್ಯಾಂಕಿನವರು ಮನೆ ತಗೊಂಡ್ರೆ ಆ ಕಾಗದವೂ ಬರಲ್ಲ ಕಣಪ್ಪಾ," ಎಂದರು ಅಕ್ಕ. ಗದರಿಸಿ ಹೇಳಲಿಲ್ಲ. ಗದರಿಸುವಷ್ಟು ಉಸಿರೂ ಉಳಿದಿರಲಿಲ್ಲ.

ಆ ಶನಿವಾರ ಅವನು ಬಂದ. ತಿದ್ದಿದ ರಿಟರ್ನಿಗೆ ಸಹಿ ಹಾಕಿದ. ತೆರಿಗೆಯಲ್ಲಿ ಹೆಚ್ಚಿಗೆ ಪಡೆದದ್ದನ್ನು ದಂಡದ ಜೊತೆ ಇಲಾಖೆಗೆ ಕಂತಿನಲ್ಲಿ ಕಟ್ಟುವುದಾಗಿ ಬರೆದುಕೊಟ್ಟ. "ಒಂದು ಮಾತೂ ಬೈಯಲಿಲ್ವಲ್ಲಾ ಅಕ್ಕಾ?" ಎಂದು ಕೇಳಿದ್ದಕ್ಕೆ, "ಬೈಯೋಕೂ ಮೈಯಲ್ಲಿ ಶಕ್ತಿ ಬೇಕಪ್ಪಾ" ಎಂದರು. ಎರಡು ತಿಂಗಳು ಕಳೆದ ಮೇಲೆ ಅವಳ ಹಣ ಬಂತು, ಬಾಕಿ ತೀರಿತು, ಮನೆ ಉಳಿಯಿತು. ಇಷ್ಟಕ್ಕೂ ಅವಳು ಅಕ್ಕನಿಗೆ ಒಂದು ಫೋನ್ ಕೂಡ ಮಾಡಲಿಲ್ಲ. "ಬೇಜಾರೇನಿಲ್ಲ. ಕೆಲಸ ಆದ್ರೆ ಜನ ನನ್ನ ಮರೀತಾರೆ. ಮರೀಲೇಬೇಕು."

ಗಂಡ ಹೆಂಡತಿ ಮತ್ತೆ ಒಂದಾಗಲಿಲ್ಲ. ಈ ವರ್ಷವೂ ಬೇರೆ ಬೇರೆಯಾಗಿಯೇ ಬಂದರು, ಅವಳು ಮಂಗಳವಾರ, ಅವನು ಗುರುವಾರ. ಬ್ಯಾಂಕಿನ ಪಟ್ಟಿ ಈ ಸಲವೂ ಅವನ ಹೆಸರಿಗೇ ಬಂದಿತ್ತು. ಅವನು ಅದನ್ನು ಮಡಿಕೆ ಬೀಳದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ತಂದು ಮೇಜಿನ ಮೇಲಿಟ್ಟು ಹೇಳಿದ: "ಪೂರ್ತಿ ಅವಳಿಗೇ ಬರೀರಿ. ಕಟ್ಟಿದವಳು ಅವಳೇ. ಈ ಕಾಗದದ್ದೊಂದು ಪ್ರತಿ ಮಾತ್ರ ನನಗೆ ಕೊಡಿ."

ಪ್ರತಿ ತೆಗೆದುಕೊಟ್ಟಿರಾ ಎಂದರೆ ಅಕ್ಕ ಹೌದೆಂದು ತಲೆಯಾಡಿಸುತ್ತಾರೆ. ಕನ್ನಡಕ ತೆಗೆದು ಕಣ್ಣು ಒತ್ತಿಕೊಳ್ಳುತ್ತಾರೆ. ದುಡ್ಡು ತಗೊಳ್ಳಲಿಲ್ಲ ಎಂದು, ಕೇಳದಿದ್ದರೂ, ಹೇಳುತ್ತಾರೆ.

ಪ್ರತಿ ವರ್ಷ ಈ ಹೊತ್ತಿಗೆ ಮೇಜು ಮಾರಿ ಮನೆಯಲ್ಲಿರೋಣ ಎನಿಸುತ್ತದಂತೆ. ಪ್ರತಿ ವರ್ಷವೂ ಯಾರಾದರೊಬ್ಬರು ನೋಟಿಸ್ ಹಿಡಿದು ಬರುತ್ತಾರೆ, ಆ ಯೋಚನೆ ಮುಂದಕ್ಕೆ ಹೋಗುತ್ತದೆ. ತಮಗಾಗಿ ಏನಾದರೂ ಬೇಕೆನಿಸುವುದಿಲ್ಲವೇ ಎಂಬ ಪ್ರಶ್ನೆಗೆ ಆಕೆ ಕೋಣೆಯನ್ನೊಮ್ಮೆ ಸುತ್ತ ನೋಡುತ್ತಾರೆ.

"ಒಂದು ಕುರ್ಚಿ ತಗೋಬೇಕು. ಮೇಜಿನ ಮುಂದೆ ಇರೋದು ಒಂದೇ. ಮಾತು ಬಿಟ್ಟವರು ಅಕಸ್ಮಾತ್ ಒಟ್ಟಿಗೆ ಬಂದುಬಿಟ್ರೆ, ಒಬ್ಬರು ನಿಂತೇ ಇರ್ತಾರೆ. ನಿಂತವರು ಬೇಗ ಹೊರಟುಹೋಗ್ತಾರೆ."